ರಾಮನ ಉತ್ತರ ಕುಮಟೆಗೆ ತಲುಪಲಿಲ್ಲ: ಒಂದು ತಾಳಮದ್ದಳೆ ಪ್ರಸಾರದ ಪ್ರಕರಣ ಅಧ್ಯಯನ

ಬಾಣ ನೆಟ್ಟು ವಾಲಿ ನೆಲಕ್ಕೆ ಬಿದ್ದಿದ್ದಾನೆ. ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಿದ್ದಾನೆ. ವಾಲಿಯ ಅರ್ಥ ಹೇಳುತ್ತಿದ್ದವರು ಹಿರಿಯರು. ಒಂದೇ ಪ್ರಶ್ನೆಯನ್ನು ಇಪ್ಪತ್ತು ನಿಮಿಷ, ಹತ್ತು ದಿಕ್ಕಿನಿಂದ ಕೇಳಿದರು. ಸಭೆಯಲ್ಲಿ ಕೆಮ್ಮುವವರೂ ಇರಲಿಲ್ಲ. ರಾಮನ ಪಾತ್ರದವರು ಶಾಲು ಸರಿಮಾಡಿಕೊಂಡು ಬಾಯಿ ತೆರೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಸಭಾಭವನದಲ್ಲಿ ಇನ್ವರ್ಟರ್ ಇತ್ತು, ಹಾಗಾಗಿ ದೀಪವಾಗಲಿ ಮೈಕಾಗಲಿ ನಿಲ್ಲಲಿಲ್ಲ. ನಿಂತದ್ದು ರೌಟರ್ ಮಾತ್ರ. ಅದರ ಪ್ಲಗ್ಗು ಇನ್ವರ್ಟರ್ ಇಲ್ಲದ ಗೋಡೆಯಲ್ಲಿತ್ತು.

ಅರ್ಧ ಗಂಟೆಯ ಮೇಲೆ ಕುಮಟೆಯಿಂದ ದೊಡ್ಡಪ್ಪನ ಫೋನು. "ವಾಲಿ ಕೇಳಿದ್ದು ಬಂತು ತಮಾ, ರಾಮ ಹೇಳಿದ್ದು ಬೈಂದೇ ಇಲ್ಲೆ."

ಮುಂದಿನದೆಲ್ಲ ಆ ಒಂದು ಮಾತಿನ ಬೆನ್ನು ಹತ್ತಿ ಹೋದ ಎರಡು ಮಳೆಗಾಲಗಳ ಕಥೆ. ಪ್ಲಗ್ಗು ಬದಲಿಸಿ ಕೈ ತೊಳೆದುಕೊಳ್ಳಬಹುದಿತ್ತು. ಬದಲಿಸಿದೆವು ಕೂಡ. ಆದರೆ ಮುಂದಿನ ವಾರ ರೌಟರ್ ಉರಿಯುತ್ತಲೇ ಇತ್ತು, ಅದರ ಮೇಲಿನ ಕೆಂಪು ದೀಪ ಮಿಣುಕುತ್ತಿತ್ತು. ಎಲ್ಲೋ ಮರ ಬಿದ್ದು ಫೈಬರ್ ತುಂಡಾಗಿತ್ತು. ದೋಷ ಪ್ಲಗ್ಗಿನದಷ್ಟೇ ಅಲ್ಲ ಎಂದು ಆಗ ಒಪ್ಪಿಕೊಳ್ಳಬೇಕಾಯಿತು.

ಊರು ಮತ್ತು ಕೇಳುಗರು

ಊರು ಶಿರಸಿ ತಾಲ್ಲೂಕಿನ ಪಡುವಣ ಅಂಚಿನಲ್ಲಿದೆ, ದೇವಿಮನೆ ಘಟ್ಟ ಇಳಿಯುವ ದಿಕ್ಕಿಗೆ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲೆ ನಮ್ಮಲ್ಲಿ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು, ಮದ್ದಳೆ, ಚಂಡೆ, ಎದುರುಬದುರು ಕೂತು ಪಾತ್ರದ ಮಾತು ಆಡುವ ಅರ್ಥಧಾರಿಗಳು. ನೋಡುವುದಕ್ಕೆ ಏನೂ ಇಲ್ಲದ್ದರಿಂದ ಇದನ್ನು ವಿಡಿಯೊ ಮಾಡಿ ಕಳಿಸುವುದು ನನ್ನ ಮಟ್ಟಿಗೆ ದುಂದು. ಬರಿಯ ಧ್ವನಿ ಸಾಕು. ಕೇಳುಗರಲ್ಲಿ ಅರ್ಧಕ್ಕರ್ಧ ಬೆಂಗಳೂರು, ಮುಂಬಯಿ ಸೇರಿದವರು. ಉಳಿದವರು ಕುಮಟೆ, ಹೊನ್ನಾವರ, ಕಾರವಾರದ ಕಡೆಯ ವಯಸ್ಸಾದವರು. ಮಳೆಯಲ್ಲಿ ಘಟ್ಟ ಹತ್ತಿ ಬರಲಾರದವರು.

ವ್ಯವಸ್ಥೆ ಸರಳವಾಗಿತ್ತು. ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ಒಂದು ತಂತಿ. ಲ್ಯಾಪ್‌ಟಾಪು ಧ್ವನಿಯನ್ನು ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಮಾಡಿ, ಬಾಡಿಗೆ ಸರ್ವರಿನಲ್ಲಿದ್ದ ಐಸ್‌ಕಾಸ್ಟ್ ಎಂಬ ಪ್ರಸಾರ ತಂತ್ರಾಂಶಕ್ಕೆ ಒಂದೇ ಉದ್ದದ ಸಂಪರ್ಕದಲ್ಲಿ ಸುರಿಯುತ್ತಿತ್ತು. ಕೇಳುಗರು ಅಲ್ಲಿಂದ ಹಿಡಿದುಕೊಳ್ಳುತ್ತಿದ್ದರು. ಪೇಟೆಯಲ್ಲಿ ಇದು ವರ್ಷಗಟ್ಟಲೆ ನಡೆಯುವ ಪದ್ಧತಿ, ತಪ್ಪು ತಂತ್ರಾಂಶದ್ದಲ್ಲ. ಪೇಟೆಯ ಸಂಪರ್ಕಕ್ಕೆ ಮಾಡಿದ ಅಡುಗೆಯನ್ನು ನಾವು ಘಟ್ಟದ ಮೇಲೆ ಬಡಿಸಿದ್ದೆವು.

ಎಲ್ಲಿ ಸೋರುತ್ತಿತ್ತು

128 ಕಿಲೋಬಿಟ್ ಎಂದರೆ ಸೆಕೆಂಡಿಗೆ 16 ಕಿಲೋಬೈಟ್, ಗಂಟೆಗೆ ಸುಮಾರು 58 ಎಂಬಿ, ನಾಲ್ಕು ತಾಸಿನ ಕೂಟಕ್ಕೆ 230 ಎಂಬಿ. ಇಷ್ಟು ಕಳಿಸುವುದು ಕಷ್ಟವಲ್ಲ. ಎಡೆಬಿಡದೆ ಕಳಿಸುವುದು ಕಷ್ಟ. ಹೊಸದಾಗಿ ಸೇರಿದ ಕೇಳುಗನಿಗೆ ಐಸ್‌ಕಾಸ್ಟ್ ತಾನಾಗಿ ಮುಂಗಡ ಕೊಡುವ ಗಂಟು, ಅಂದರೆ ಬಫರ್, 64 ಕಿಲೋಬೈಟ್. ನಮ್ಮ ವೇಗದಲ್ಲಿ ಅದು ನಾಲ್ಕೇ ಸೆಕೆಂಡಿನ ಧ್ವನಿ. ಐದನೆಯ ಸೆಕೆಂಡಿಗೆ ಕೇಳುಗನ ಕೈ ಬರಿದು. ಅದೇ ಗಂಟು 16 ಕಿಲೋಬಿಟ್‌ನ ಧ್ವನಿಗೆ ಅರ್ಧ ನಿಮಿಷಕ್ಕೂ ಮಿಕ್ಕಿ ಬರುತ್ತದೆ. ಈ ಲೆಕ್ಕ ಕಾಗದದ ಮೇಲೆ ಹಾಕುವವರೆಗೂ ನಾನು ಬಫರ್ ಎಂದರೆ ಸಮಯ ಎಂದುಕೊಂಡಿದ್ದೆ. ಅದು ಚೀಲ, ಎಷ್ಟು ಹೊತ್ತಿಗೆ ಸಾಲುತ್ತದೆ ಎನ್ನುವುದು ಒಳಗೆ ತುಂಬಿದ್ದರ ಗಾತ್ರದ ಮೇಲೆ.

ಎರಡನೆಯದು ಏರುದಾರಿ. ಫೈಬರ್ ಹೋದಾಗ ಮೊಬೈಲ್ ಸಿಮ್ಮಿಗೆ ಬದಲಾಗುವಂತೆ ಮಾಡಿದ್ದೆವು. ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಕಾಣುತ್ತಿತ್ತು, ಸುದ್ದಿ ಓದಲೂ ಬರುತ್ತಿತ್ತು, ಅಪ್‌ಲೋಡ್ ಮಾತ್ರ ತೆವಳುತ್ತಿತ್ತು. ಕಾರಣ ಸುಲಭ: ಟವರು ಹತ್ತಾರು ವಾಟ್ ಬಲದಲ್ಲಿ ಕೂಗುತ್ತದೆ, ಫೋರ್‌ಜಿ ಫೋನು ಹೆಚ್ಚೆಂದರೆ 200 ಮಿಲಿವಾಟ್‌ನಲ್ಲಿ. ಅದು ಕರೆದದ್ದು ನಮಗೆ ಕೇಳುತ್ತದೆ, ನಾವು ಓಗೊಟ್ಟದ್ದು ಅದಕ್ಕೆ ಕೇಳುವುದಿಲ್ಲ. ನಡುವೆ ಒದ್ದೆ ಕಾಡು ಬೇರೆ.

ಮೂರನೆಯದು ನನಗೆ ಎಲ್ಲಕ್ಕಿಂತ ಚುಚ್ಚಿದ್ದು. ಸಂಪರ್ಕ ಕಡಿದ ಹೊತ್ತಿನಲ್ಲಿ ಆಡಿದ ಮಾತು ಎಲ್ಲಿಯೂ ಕಾದು ಕೂರುತ್ತಿರಲಿಲ್ಲ. ಮತ್ತೆ ಸೇರಿದಾಗ ಲ್ಯಾಪ್‌ಟಾಪು ಆ ಕ್ಷಣದಿಂದ ಮುಂದಕ್ಕೆ ಕಳಿಸುತ್ತಿತ್ತು. ರಾಮನ ಉತ್ತರ ಹಾಳಾಗಿರಲಿಲ್ಲ, ಅದನ್ನು ಕಳಿಸಲು ಯಾರೂ ಪ್ರಯತ್ನವೇ ಮಾಡಿರಲಿಲ್ಲ.

ಸುಗ್ರೀವ ಫುಗ್ರೀವನಾದ ವಾರ

ಮೊದಲ ಮದ್ದು ಎಲ್ಲರಿಗೂ ಹೊಳೆಯುವಂಥದ್ದೇ. ಇನ್ನೂ ಹಿಂಡೋಣ. ಎಂಪಿ3 ಬಿಟ್ಟು ಓಪಸ್‌ಗೆ ಬಂದೆವು. 2012ರಲ್ಲಿ ಅಂತರ್ಜಾಲದ ಮಾನಕ ಸಂಸ್ಥೆ ಐಇಟಿಎಫ್ ಒಪ್ಪಿದ ಈ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಬಿಚ್ಚುವ ವಿಧಾನ) ಎರಡು ಬೇರೆ ಬುದ್ಧಿಗಳ ಕೂಡಿಕೆ: ಮಾತಿಗೆಂದು ಸ್ಕೈಪ್ ಬೆಳೆಸಿದ ಸಿಲ್ಕ್, ಸಂಗೀತಕ್ಕೆ ಹೊಂದುವ ಸೆಲ್ಟ್. 6 ಕಿಲೋಬಿಟ್‌ನಿಂದ 510ರವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಅತಿಯಾಸೆಯಿಂದ ನಾನು 8ಕ್ಕೆ ಇಳಿಸಿದೆ. ಅಷ್ಟು ಕೆಳಗೆ ಅದು ಹಳೆಯ ಟೆಲಿಫೋನಿನ ಅಗಲಕ್ಕೆ ಕುಗ್ಗುತ್ತದೆ. 4 ಕಿಲೋಹರ್ಟ್ಜ್‌ಗಿಂತ ಮೇಲಿನದೆಲ್ಲ ಕತ್ತರಿ. "ಸ" ಅಕ್ಷರದ ಜೀವ ಇರುವುದೇ ಆ ಮೇಲೆ. ಧ್ವನಿ ಎಲ್ಲಿಯೂ ಕಡಿಯಲಿಲ್ಲ. ಆದರೆ ಹೊನ್ನಾವರದಲ್ಲಿ ಕೂತು ಕೇಳಿದವರೊಬ್ಬರು ಇಡೀ ರಾತ್ರಿ ತಮಗೆ "ಫುಗ್ರೀವ" ಕೇಳಿಸಿತು ಎಂದು ಮರುದಿನ ಹೇಳಿದರು. ಅರ್ಥಗಾರಿಕೆ ಎಂದರೆ ಶಬ್ದದ ಮೇಲೆ ಶಬ್ದ ಮಸೆಯುವ ಕಲೆ. ಅದರ ಒಂದು ಅಕ್ಷರ ಮುಕ್ಕಾದರೂ ಶ್ಲೇಷೆ ಸತ್ತುಹೋಗುತ್ತದೆ. 16 ಕಿಲೋಬಿಟ್‌ಗೆ ಏರಿಸಿದಾಗ ಧ್ವನಿಯ ಅಗಲ 8 ಕಿಲೋಹರ್ಟ್ಜ್‌ವರೆಗೆ ತೆರೆದುಕೊಂಡಿತು, ಸುಗ್ರೀವ ಮರಳಿ ಬಂದ. ಅದಕ್ಕಿಂತ ಕೆಳಗೆ ಇಳಿಯಬಾರದು ಎಂದು ಅಲ್ಲಿಯೇ ಗೆರೆ ಎಳೆದೆವು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಗಂಡ ಕೊಟ್ಟ ಸಲಹೆ ಎಚ್‌ಎಲ್‌ಎಸ್. 2009ರಲ್ಲಿ ಆಪಲ್ ತಂದ ಪದ್ಧತಿ ಇದು: ಧ್ವನಿಯನ್ನು ಕೆಲವು ಸೆಕೆಂಡಿನ ತುಣುಕು ಮಾಡಿ, ಪ್ರತಿ ತುಣುಕನ್ನೂ ಮೂರು-ನಾಲ್ಕು ದರ್ಜೆಯಲ್ಲಿ ಇಟ್ಟು, ಕೇಳುಗನ ಸಂಪರ್ಕ ನೋಡಿ ಹೊಂದುವುದನ್ನು ಕೊಡುವುದು. ಚೆಂದವೇ. ಆದರೆ ಅದು ಗುಣ ಮಾಡುವುದು ಕೇಳುಗನ ಇಳಿದಾರಿಯ ರೋಗವನ್ನು. ನಮ್ಮ ಗಾಯ ಮೂಲದಲ್ಲೇ ಇತ್ತು. ನಾಲ್ಕು ದರ್ಜೆಯನ್ನು ಸಭಾಭವನದಿಂದಲೇ ಕಳಿಸಿದರೆ ಕುಂಟುವವನ ಹೆಗಲಿಗೆ ನಾಲ್ಕು ಮೂಟೆ. ಮೇಲ್ದರ್ಜೆಯದನ್ನು ಮಾತ್ರ ಕಳಿಸಿ ಸರ್ವರಿನಲ್ಲಿ ಒಡೆಯಿಸೋಣವೆಂದರೆ ಆ ಮೇಲ್ದರ್ಜೆಯದೇ ಘಟ್ಟ ಇಳಿಯುತ್ತಿಲ್ಲ.

ಇನ್ನೊಬ್ಬರು ಗ್ರೂಪ್ ಕಾಲ್ ಮಾಡಿಬಿಡಿ ಎಂದರು. ಕರೆಯ ಸ್ವಭಾವವೇ ಬೇರೆ. ಕರೆಯಲ್ಲಿ ತಡವಾಗಿ ಬಂದ ಮಾತನ್ನು ಎಸೆಯುತ್ತಾರೆ, ಯಾಕೆಂದರೆ ಎದುರಿನವನು ಉತ್ತರಕ್ಕೆ ಕಾಯುತ್ತಿದ್ದಾನೆ. ಅದಕ್ಕಾಗಿ ಧ್ವನಿಯನ್ನು 20 ಮಿಲಿಸೆಕೆಂಡಿನ ಚೂರುಗಳಾಗಿ ಕಳಿಸುವುದು ರೂಢಿ. 16 ಕಿಲೋಬಿಟ್‌ನಲ್ಲಿ ಅಂಥ ಒಂದು ಚೂರು 40 ಬೈಟ್. ಅದರ ಮೇಲೆ ಅಂಟಿಸುವ ವಿಳಾಸದ ಚೀಟಿಗಳು, ಅಂದರೆ ಐಪಿ, ಯುಡಿಪಿ, ಆರ್‌ಟಿಪಿ ಮೂರೂ ಸೇರಿ, ಇನ್ನೊಂದು 40 ಬೈಟ್. ಅಡಿಕೆಯಷ್ಟೇ ಚೀಲವೂ ತೂಗಿದಂತೆ. ಕಳೆದುಹೋದ ಚೂರುಗಳನ್ನು ತುಂಬಲು 2024ರಲ್ಲಿ ಬಂದ ಓಪಸ್ 1.5 ಒಳ್ಳೆಯ ಉಪಾಯ ತಂದಿದೆ. ಪ್ರತಿ ಪೊಟ್ಟಣದಲ್ಲೂ ಹಿಂದಿನ ಒಂದು ಸೆಕೆಂಡಿನವರೆಗಿನ ಮಾತಿನ ಸಾರವನ್ನು ಕಟ್ಟಿ ಕಳಿಸಬಹುದು. ಆದರೆ ನಮ್ಮಲ್ಲಿ ಕಡಿಯುವುದು ಸೆಕೆಂಡಿನ ಲೆಕ್ಕದಲ್ಲಲ್ಲ, ನಿಮಿಷದ ಲೆಕ್ಕದಲ್ಲಿ.

ಮಾತು ಮೊದಲು, ಮೆರುಗು ಆಮೇಲೆ

ಡಯಲ್‌ಅಪ್ ಕಾಲದಲ್ಲಿ ಕೆಲವು ಚಿತ್ರಗಳು ಮೊದಲು ಮಸುಕಾಗಿ ಇಡಿಯಾಗಿ ಕಾಣಿಸಿ, ಆಮೇಲೆ ನಿಧಾನ ನಿಚ್ಚಳವಾಗುತ್ತಿದ್ದವು. ಬೇರೆ ಕೆಲವು ಮೇಲಿನಿಂದ ಗೆರೆಗೆರೆಯಾಗಿ ಇಳಿದು, ಸಂಪರ್ಕ ಹೋದರೆ ಹಣೆಯವರೆಗೆ ಬಂದು ನಿಲ್ಲುತ್ತಿದ್ದವು. ನಮ್ಮ ಪ್ರಸಾರ ಎರಡನೆಯ ಜಾತಿಯದಾಗಿತ್ತು. ಬೇಕಾದದ್ದು ಮೊದಲನೆಯದು. ಎಷ್ಟು ಕುಗ್ಗಿಸುತ್ತೇವೆ ಎನ್ನುವುದಕ್ಕಿಂತ ಯಾವುದನ್ನು ಮೊದಲು ಕಳಿಸುತ್ತೇವೆ ಎನ್ನುವುದೇ ಇಲ್ಲಿ ಮುಖ್ಯವೆಂದು ನನಗೆ ತಿಳಿಯಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಧ್ವನಿಯನ್ನು ಪದರಪದರವಾಗಿ ಕಟ್ಟುವ ಯೋಚನೆ ಹೊಸದಲ್ಲ. ಆಗ್ ವೋರ್ಬಿಸ್ ಎಂಬ ಕೋಡೆಕ್ ರೂಪಿಸಿದವರು ದೊಡ್ಡ ಕಡತದಿಂದ ಬಿಟ್ಟುಗಳನ್ನು ಸುಲಿದು ಚಿಕ್ಕದು ಮಾಡಿಕೊಳ್ಳಬಹುದು ಎಂದು ಆಸೆ ತೋರಿಸಿದ್ದರು. ಬಳಕೆಗೆ ಒದಗುವಂತೆ ಅದು ಕೈಗೂಡಲೇ ಇಲ್ಲ. ಎಂಪೆಗ್-4 ಮಾನಕದಲ್ಲಿ ಬಿಎಸ್‌ಎಸಿ ಎಂಬ ಪದರದ ಕೋಡೆಕ್ ಇದೆ, ಕೊರಿಯಾದ ಮೊಬೈಲ್ ಟಿವಿಯಲ್ಲಿ ಅದನ್ನು ಬಳಸಿದರು. ವೇವ್‌ಪ್ಯಾಕ್ ಎಂಬ ಇನ್ನೊಂದು ಕೋಡೆಕ್‌ನಲ್ಲಿ ನಷ್ಟವಿರುವ ಒಂದು ಕಡತ, ಆ ನಷ್ಟವನ್ನು ತುಂಬಿಕೊಡುವ ಇನ್ನೊಂದು ಕಡತ ಎಂಬ ಜೋಡಿ ಇದೆ. 2021ರಲ್ಲಿ ಗೂಗಲ್ ತಂದ ಸೌಂಡ್‌ಸ್ಟ್ರೀಮ್ ನರಜಾಲದ (ನ್ಯೂರಲ್ ನೆಟ್‌ವರ್ಕಿನ) ಕೋಡೆಕ್. ಮೊದಲ ಪದರ ಒರಟು ರೂಪ ಹೇಳುತ್ತದೆ, ಮುಂದಿನ ಪ್ರತಿ ಪದರ ಹಿಂದಿನದು ಬಿಟ್ಟ ತಪ್ಪನ್ನು ತಿದ್ದುತ್ತದೆ, ಹಾಗಾಗಿ ಕೊನೆಯವನ್ನು ಉದುರಿಸಿದರೂ ಮಾತು ನಿಲ್ಲುತ್ತದೆ. ನಮಗೆ ಬೇಕಾದದ್ದು ಅಕ್ಷರಶಃ ಅದೇ. ಆದರೆ ದೊಡ್ಡಪ್ಪನ ಫೋನಿನ ಬ್ರೌಸರಿನಲ್ಲಿ ಪದರ ಕೈಗೂಡಿದ ಇವು ಯಾವುವೂ ತಾವಾಗಿ ನುಡಿಯುವುದಿಲ್ಲ. ಅವರಿಗೆ ಹೊಸ ಆ್ಯಪ್ ಹಾಕಿಕೊಡಲು ನಾನೇ ಕುಮಟೆಗೆ ಇಳಿಯಬೇಕು.

ಹಾಗಾಗಿ ನಿಜವಾದ ಪದರ ಬಿಟ್ಟು, ಪದರದ ನಡತೆಯನ್ನಷ್ಟೇ ಓಪಸ್‌ನಿಂದ ಹೊರಡಿಸಿದೆವು. ಲ್ಯಾಪ್‌ಟಾಪು ಪ್ರತಿ ನಾಲ್ಕು ಸೆಕೆಂಡನ್ನು ಎರಡು ಸಲ ಕಟ್ಟುತ್ತದೆ: 16 ಕಿಲೋಬಿಟ್‌ನ ಅಡಿಪದರ, ಅದು 8 ಕಿಲೋಬೈಟ್; 64 ಕಿಲೋಬಿಟ್‌ನ ಮೇಲ್ಪದರ, 32 ಕಿಲೋಬೈಟ್. ಎರಡೂ ಡಿಸ್ಕಿನಲ್ಲಿ ಕೂರುತ್ತವೆ. ಕಳಿಸುವ ಸರದಿಗೆ ಒಂದೇ ಕಟ್ಟಳೆ. ಅಡಿಪದರದ ತುಣುಕು ಒಂದಾದರೂ ಬಾಕಿ ಇರುವವರೆಗೆ ಮೇಲ್ಪದರ ಬಾಗಿಲು ದಾಟುವಂತಿಲ್ಲ. ಸರ್ವರ್ "ಮುಟ್ಟಿತು" ಎನ್ನುವವರೆಗೆ ತುಣುಕನ್ನು ಅಳಿಸುವಂತಿಲ್ಲ. ಕೇಳುಗನ ಪುಟ ಯಾವ ತುಣುಕಿನ ಸರದಿ ಬಂತೋ ಅದರ ಮೇಲ್ಪದರ ಬಂದಿದ್ದರೆ ಅದನ್ನು, ಇಲ್ಲವಾದರೆ ಅಡಿಪದರವನ್ನು ನುಡಿಸುತ್ತದೆ. ಹಳೆಯ ಐಫೋನುಗಳಿಗಾಗಿ ಸರ್ವರಿನಲ್ಲೇ ಎಎಸಿ ಎಂಬ ಧ್ವನಿರೂಪಕ್ಕೆ ಬದಲಿಸಿಡುವ ಒಂದು ಪುಟ್ಟ ಕೆಲಸ ಸೇರಿತು.

ಮೇಲ್ಪದರ ಬಂದಾಗ ಅಡಿಪದರಕ್ಕೆ ಕೂಡಿಕೊಳ್ಳುವುದಿಲ್ಲ, ಅದರ ಜಾಗದಲ್ಲಿ ಕೂರುತ್ತದೆ. ಅಷ್ಟರ ಮಟ್ಟಿಗೆ ಅಡಿಪದರದ 8 ಕಿಲೋಬೈಟ್ ದಂಡ. ಪಂಡಿತರು ನಕ್ಕಾರು. ನಗಲಿ.

ಇದೆಲ್ಲ ನಡೆಯಬೇಕಾದರೆ ಕಾಯುವ ಮನಸ್ಸು ಬೇಕು. ಕೇಳುಗರನ್ನು ಸಭೆಗಿಂತ 90 ಸೆಕೆಂಡು ಹಿಂದೆ ಇಟ್ಟೆವು. ಸಂಪರ್ಕ ಒಂದು ನಿಮಿಷ ಪೂರ್ತಿ ಸತ್ತು, ಮತ್ತೆ ಬರಿಯ 64 ಕಿಲೋಬಿಟ್ ವೇಗದಲ್ಲಿ ಎದ್ದಿತು ಎನ್ನಿ. ಆ ನಿಮಿಷದ ಬಾಕಿ 960 ಕಿಲೋಬಿಟ್. ಹೊಸ ಮಾತು ಸೆಕೆಂಡಿಗೆ 16ರಂತೆ ಸೇರುತ್ತಲೇ ಇದ್ದರೂ, ಉಳಿದ 48ರಲ್ಲಿ ಹಳೆಯದು 20 ಸೆಕೆಂಡಿಗೆ ತೀರುತ್ತದೆ. ಕೇಳುಗನಿಗೆ ಏನಾಯಿತೆಂದೇ ಗೊತ್ತಾಗದು. 90 ಸೆಕೆಂಡಿಗೂ ಮೀರಿ ಕಡಿದರೆ? ಪುಟ ಸುಮ್ಮನೆ ಕಾಯುತ್ತದೆ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಹಾರುವುದಿಲ್ಲ. ಕ್ರಿಕೆಟ್ಟಿಗೆ ಇದು ಆಗದು, ತಾಳಮದ್ದಳೆಗೆ ಆಗುತ್ತದೆ.

ಟಿಕ್, ಮಳೆ, ತಾಳ

ಮೊದಲ ಪ್ರಯೋಗದಲ್ಲಿ ಪ್ರತಿ ನಾಲ್ಕು ಸೆಕೆಂಡಿಗೊಮ್ಮೆ "ಟಿಕ್" ಎಂದಿತು. ನಾನು ಹಲ್ಲಿ ಎಂದುಕೊಂಡು ಮಾಡಿನ ತೊಲೆ ನೋಡಿದೆ. ಕಾರವಾರದ ಕೇಳುಗರೊಬ್ಬರು ಯಾರೋ ಅಡಕತ್ತರಿ ಆಡಿಸುತ್ತಿದ್ದಾರೆ ಎಂದುಕೊಂಡರಂತೆ. ಗಡಿಯಾರ ಹಿಡಿದು ನೋಡಿದಾಗ ಅದು ಸರಿಯಾಗಿ ನಾಲ್ಕಕ್ಕೆ ನಾಲ್ಕು. ಪ್ರತಿ ತುಣುಕಿಗೂ ಕೋಡೆಕನ್ನು ಹೊಸದಾಗಿ ಶುರುಮಾಡುತ್ತಿದ್ದೆ. ಓಪಸ್‌ಗೆ ಹಿಂದಿನ ಧ್ವನಿಯ ನೆನಪು ಬೇಕು; ನಡುವಿನಿಂದ ನುಡಿಸುವಾಗ ಕನಿಷ್ಠ 80 ಮಿಲಿಸೆಕೆಂಡು ಹಿಂದಿನಿಂದ ಬಿಚ್ಚಿ ಆ ಭಾಗವನ್ನು ಎಸೆಯಿರಿ ಎಂದು ಅದರ ಕಡತ ವಿಧಾನದ ಮಾನಕದಲ್ಲೇ ಬರೆದಿದೆ. ಕೋಡೆಕನ್ನು ಒಂದೇ ಓಟದಲ್ಲಿ ಬಿಟ್ಟು, ಹೊರಬಂದ ಹರಿವನ್ನು ಮಾತ್ರ ಕತ್ತರಿಸತೊಡಗಿದಾಗ ಟಿಕ್ ನಿಂತಿತು. ಅಡಿಪದರದಿಂದ ಮೇಲ್ಪದರಕ್ಕೆ ದಾಟುವ ಕಡೆ ಮಾತ್ರ 80 ಮಿಲಿಸೆಕೆಂಡು ಹೆಚ್ಚುವರಿ ಹೊಲಿಗೆ ಹಾಕಿ, ಒಂದನ್ನು ಇಳಿಸುತ್ತ ಇನ್ನೊಂದನ್ನು ಏರಿಸುವಂತೆ ಮಾಡಿದೆವು. ಇಡೀ ಕೆಲಸದಲ್ಲಿ ಹೆಚ್ಚು ರಾತ್ರಿ ತಿಂದದ್ದು ಈ ಹೊಲಿಗೆಯೇ.

ಮಳೆಯ ಪಾಠ ಬೇರೆ. ಸಭಾಭವನಕ್ಕೆ ತಗಡಿನ ಮಾಡು. ಮಳೆ ಹೊಯ್ಯುವಾಗ 16 ಕಿಲೋಬಿಟ್‌ನ ಮಾತು ನೀರಿನಲ್ಲಿ ಮುಳುಗಿ ಬಂದಂತೆ ಗುಳುಗುಳು ಎನ್ನುತ್ತಿತ್ತು. ಕೋಡೆಕ್ ಬದುಕುವುದು ಊಹೆಯ ಮೇಲೆ. ಮನುಷ್ಯನ ಸ್ವರದಲ್ಲಿ ಮುಂದೇನು ಬಂದೀತೆಂಬುದಕ್ಕೆ ಒಂದು ಜಾಡಿದೆ, ತಗಡಿನ ಮೇಲಿನ ಮಳೆಗೆ ಯಾವ ಜಾಡೂ ಇಲ್ಲ. ಇರುವ ಚೂರುಪಾರು ಬಿಟ್ಟುಗಳನ್ನು ಮಳೆ ನುಂಗಿ ಅರ್ಥಧಾರಿಗೆ ಉಳಿಸುತ್ತಿರಲಿಲ್ಲ. ಇದಕ್ಕೆ ತಂತ್ರಾಂಶದಲ್ಲಿ ಮದ್ದು ಹುಡುಕಿ ವಾರ ಕಳೆದೆ. ಕೊನೆಗೆ ಮೈಕಿನ ಹುಡುಗ ಸ್ಟ್ಯಾಂಡನ್ನು ಎಳೆದು ಅರ್ಥಧಾರಿಗಳ ಬಾಯಿಗೆ ಒಂದು ಗೇಣು ಹತ್ತಿರ ಇಟ್ಟ, ಮಿಕ್ಸರಿನಲ್ಲಿ ತಗ್ಗಿನ ಗುಂಯ್‌ಗುಡುವಿಕೆಯನ್ನು ಕತ್ತರಿಸಿದ. ನನ್ನ ಒಂದು ವಾರದ ಕೆಲಸಕ್ಕಿಂತ ಅವನ ಎರಡು ನಿಮಿಷದ್ದು ಹೆಚ್ಚು ಫಲ ಕೊಟ್ಟಿತು.

ಭಾಗವತರ ದೂರು ಇನ್ನೊಂದು. "ನನ್ನ ತಾಳ ಎಲ್ಲಿ ಹೋತು?" ಎಂದರು ಧ್ವನಿಮುದ್ರಣ ಕೇಳಿ. ತಾಳದ ಕಿಣಿ 8 ಕಿಲೋಹರ್ಟ್ಜ್‌ಗಿಂತ ಮೇಲಕ್ಕೂ ಹೋಗುತ್ತದೆ, ಅಡಿಪದರಕ್ಕೆ ಅಲ್ಲಿ ಪ್ರವೇಶವಿಲ್ಲ. ಚಂಡೆಯೂ ತಗಡಿನ ಡಬ್ಬಿಯಂತೆ ಬರುತ್ತಿತ್ತು. ಪದ್ಯದ ಹೊತ್ತಿಗೆ ಅಡಿಪದರವನ್ನು 32ಕ್ಕೆ ಏರಿಸುವುದೆಂದಾಯಿತು. ಮಾತೋ ಸಂಗೀತವೋ ಎಂದು ಓಪಸ್ ತಾನೇ ಗುರುತಿಸುತ್ತದೆ, ನಿಜ; ಆದರೆ ನಾವು ಕೊಟ್ಟ ಬಿಟ್ಟುಗಳ ಒಳಗೇ ಅದರ ಆಟ. ಅದರ ಗುರುತಿಸುವಿಕೆಯನ್ನೇ ಹಿಡಿದು ಬಿಟ್‌ರೇಟ್ ಏರಿಳಿಸಲು ಹೋದರೆ, ಅರ್ಥದ ಹಿಂದೆ ಮೆಲ್ಲಗೆ ನಡೆಯುತ್ತಲೇ ಇರುವ ಶ್ರುತಿಪೆಟ್ಟಿಗೆ ಗೊಂದಲ ಎಬ್ಬಿಸಿತು. ಈಗ ಒಬ್ಬ ಹುಡುಗ ಲ್ಯಾಪ್‌ಟಾಪಿನ ಮುಂದೆ ಕೂತು, ಭಾಗವತರು ತಾಳ ಎತ್ತಿದ ಕೂಡಲೇ ಒಂದು ಗುಂಡಿ ಒತ್ತುತ್ತಾನೆ. ಪ್ರಸಂಗ ಗೊತ್ತಿರುವ ಹುಡುಗ, ತಾಳ ಏಳುವ ಮೊದಲೇ ಅವನ ಬೆರಳು ಸಿದ್ಧ.

ಗಾಳಿ ಬಂದ ರಾತ್ರಿ

ಎರಡನೆಯ ವರ್ಷದ ಆಷಾಢದಲ್ಲಿ ಪರೀಕ್ಷೆ ಬಂತು. ಅಂದು ಕರ್ಣನ ಕೊನೆಯ ದಿನದ ಕಥೆ. ಒಂಬತ್ತೂವರೆಯ ಹೊತ್ತಿಗೆ ಗಾಳಿ, ಕರೆಂಟು ಹೋಯಿತು. ರೌಟರಿಗೆ ಕಟ್ಟಿದ್ದ ಚಿಕ್ಕ ಯುಪಿಎಸ್ ಕೆಲಸ ಮಾಡಿತು. ಹತ್ತಾಗುವುದರೊಳಗೆ ಕೆಂಪು ದೀಪ. ಸಿಮ್ಮಿಗೆ ಬದಲಾಯಿತು, ಮೇಲ್ಪದರ ಅಲ್ಲಿಗೇ ನಿಂತಿತು. ಪರದೆಯ ಮೇಲೆ ಬಾಕಿ ತುಣುಕುಗಳ ಎಣಿಕೆ ಏರುತ್ತಿತ್ತು, ಇಳಿಯುತ್ತಿತ್ತು. ಒಮ್ಮೆ ಸಿಮ್ಮೂ ಐದಾರು ನಿಮಿಷ ಪೂರ್ತಿ ಮಲಗಿತು. ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಅಂಗಳದ ಹಲಸಿನ ಮರದ ಹತ್ತಿರ ಹಿಡಿದುಕೊಂಡು ನಿಂತವನು ನನ್ನ ತಮ್ಮ. ಎಣಿಕೆ ಮತ್ತೆ ಇಳಿಯತೊಡಗಿತು.

ಇಲ್ಲಿ ಮಂಗಳ ಹಾಡಿ ಮುಗಿಸಿ ಎಲ್ಲರೂ ಅವಲಕ್ಕಿ ತಿನ್ನುವಾಗ ಅಪ್ಪ ಕುಮಟೆಗೆ ಫೋನು ಮಾಡಿ, ಹೇಗಾಯಿತು ಎಂದು ಕೇಳಿದರು. ದೊಡ್ಡಪ್ಪ ಪಿಸುಮಾತಿನಲ್ಲಿ ಗದರಿದರಂತೆ: "ಇಡು ಫೋನು. ಇಲ್ಲಿ ಶಲ್ಯ ಇನ್ನೂ ರಥ ಇಳಿದಿದ್ನಿಲ್ಲೆ."

ಫೈಬರ್ ಬಂದದ್ದು ಮರುದಿನ ಬೆಳಿಗ್ಗೆ. ಬಾಕಿ ಇದ್ದ ಮೇಲ್ಪದರಗಳು ತಾವಾಗಿ ಹೊರಟವು. ದೋಸೆ ತಿಂದು ಏಳುವಷ್ಟರಲ್ಲಿ ಸರ್ವರಿನಲ್ಲಿದ್ದ ಕೂಟದ ಧ್ವನಿಯಲ್ಲಿ ತಾಳದ ಕಿಣಿ ಮರಳಿತ್ತು. ಅದರ ಹಿಂದೆಯೇ ಮೂಲ ಮುದ್ರಣ. 48 ಕಿಲೋಹರ್ಟ್ಜ್, 16 ಬಿಟ್, ಒಂದೇ ಚಾನೆಲ್‌ನ ನಾಲ್ಕು ತಾಸು ಹಸಿಯಾಗಿ 1.4 ಜಿಬಿ ಹತ್ತಿರ. ಅದನ್ನು ನಷ್ಟವಿಲ್ಲದ ಫ್ಲ್ಯಾಕ್ ಮಾಡಿ ಹಗಲಿಡೀ ನಿಧಾನವಾಗಿ ಹರಿಯಬಿಟ್ಟೆವು. ರಾತ್ರಿ ಒರಟಾಗಿ ಕೇಳಿದ್ದನ್ನೇ ಮುಂಬಯಿಯ ಕೆಲವರು ಭಾನುವಾರ ಮತ್ತೆ ಕೇಳಿದರು, ಭಾಗವತರ ಸಲುವಾಗಿ.

ಉಳಿದಿರುವ ತೊಡಕು ಕೋಡೆಕ್ಕಿಗೆ ಸಂಬಂಧಪಟ್ಟದ್ದಲ್ಲ. ಬ್ಯಾಟರಿ ಉಳಿಸುವ ನೆಪದಲ್ಲಿ ದೊಡ್ಡಪ್ಪನ ಫೋನು ಪರದೆ ಆರಿದ ಸ್ವಲ್ಪ ಹೊತ್ತಿಗೆ ಬ್ರೌಸರನ್ನು ಮಲಗಿಸಿಬಿಡುತ್ತದೆ. ಸೆಟ್ಟಿಂಗು ಎರಡು ಸಲ ಬದಲಿಸಿ ಬಂದೆ, ಪ್ರತಿ ಅಪ್‌ಡೇಟಿಗೂ ಅದು ಹಳೆಯ ಚಾಳಿಗೆ ಮರಳುತ್ತದೆ. ಹಾಗಾಗಿ ಅವರು ಫೋನನ್ನು ಎಲೆ-ಅಡಿಕೆ ತಟ್ಟೆಗೆ ಒರಗಿಸಿ ಇಟ್ಟುಕೊಂಡು, ಪರದೆ ಮಂಕಾದಾಗಲೆಲ್ಲ ಸುಣ್ಣ ಹತ್ತದ ಬೆರಳಿನಿಂದ ಒಮ್ಮೆ ಮುಟ್ಟುತ್ತಾರೆ.